ಪ್ರತಿ ವರ್ಷ ಅದೇ ತಂಡ ಗೆದ್ದರೆ ನೋಡೋಕೆ ಏನಿದೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಊರ ಜಾತ್ರೆಗೆ ಪ್ರತಿ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸುತ್ತೇವೆ. ನಾಲ್ಕು ವರ್ಷದಿಂದ ಪಕ್ಕದ ತಾಲ್ಲೂಕಿನ ಒಂದೇ ತಂಡ ಕಪ್ ಒಯ್ಯುತ್ತಿದೆ. ಈಗ ಕಮಿಟಿಯಲ್ಲಿ ಎರಡು ಪಾರ್ಟಿ ಆಗಿದೆ. ಆ ತಂಡವನ್ನು ಕರೆಯೋದೇ ಬೇಡ, ಇಲ್ಲವೇ ಐಪಿಎಲ್ ಥರ ಆಟಗಾರರನ್ನು ಹರಾಜು ಹಾಕಿ ಎಲ್ಲ ತಂಡ ಸಮ ಮಾಡೋಣ ಅಂತ ಹುಡುಗರು ಹೇಳುತ್ತಾರೆ. ಜನ ಬರೋದೇ ಆ ತಂಡ ನೋಡೋಕೆ ಅಂತ ನನ್ನಂಥ ಹಳಬರು ಹೇಳುತ್ತೇವೆ. ನೋಡುವವರಿಗೆ ನಿಜವಾಗಿ ಯಾವುದು ಮಜಾ? ಒಬ್ಬರೇ ಮೆರೆಯೋದಾ, ಎಲ್ಲರೂ ಸಮ ಇರೋದಾ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು. ಈ ಜಗಳ ನಾನು ಎಷ್ಟು ಊರಿನ ಕಮಿಟಿಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದೆ. ಶನಿವಾರ, ಭಾನುವಾರ ಬಂದರೆ ಕಬಡ್ಡಿ ರೆಫ್ರಿ. ನಿವೃತ್ತಿಯಾದ ಮೇಲೆ ಕ್ರೀಡೆಯ ಅರ್ಥಶಾಸ್ತ್ರ ಓದುವ ಹುಚ್ಚು ಹತ್ತಿದೆ. ಆದರೆ ಓದಿದ್ದಕ್ಕಿಂತ ಮೊದಲು ನೋಡಿದ್ದು ಹೇಳುತ್ತೇನೆ.

ಒಂದು ರಾತ್ರಿ ಚೆನ್ನಾಗಿ ನೆನಪಿದೆ. ನಿಮ್ಮಂಥದ್ದೇ ಜಾತ್ರೆ. ಫೈನಲ್ ಪಂದ್ಯ. ಅರ್ಧ ಆಟ ಮುಗಿಯುವಾಗ ಸ್ಕೋರು 31–8. ಕುರ್ಚಿ ಬಾಡಿಗೆಗೆ ಕೊಟ್ಟವನು ಆಗಲೇ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಜನ ಇದ್ದದ್ದು ಮಿರ್ಚಿ ಅಂಗಡಿ ಮುಂದೆ ಮಾತ್ರ. ಅದಕ್ಕೂ ಒಂದು ಗಂಟೆ ಮೊದಲು ಅದೇ ಅಂಕಣದಲ್ಲಿ ಮೂರನೇ ಸ್ಥಾನದ ಪಂದ್ಯ ನಡೆದಿತ್ತು. ಎರಡೂ ಹೆಸರು ಕೇಳಿರದ ತಂಡಗಳು. 26–26, ಕೊನೆಯ ರೈಡ್. ಹಗ್ಗದ ಆಚೆ ಇದ್ದ ಜನ ಗೆರೆಯವರೆಗೂ ನುಗ್ಗಿ ಬಂದಿದ್ದರು. ನಾನು ಊದಿದ ಸೀಟಿ ನನಗೇ ಕೇಳಿಸಲಿಲ್ಲ.

ಇಷ್ಟು ಹೇಳಿದರೆ ನಿಮ್ಮ ಹುಡುಗರು ಗೆದ್ದ ಹಾಗಾಯಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಅದೇ ಜಾತ್ರೆಗೆ ಹೋದೆ. ಆ 26–26 ಪಂದ್ಯ ಒಬ್ಬರಿಗೂ ನೆನಪಿರಲಿಲ್ಲ. ಬಸ್ ಇಳಿದಾಗಿನಿಂದ ಎಲ್ಲರೂ ಕೇಳಿದ್ದು ಒಂದೇ ಮಾತು. "ಸರ್, ಆ ತಂಡದೋರು ಈ ಸಲಾನೂ ಬರ್ತಾರಾ?"

ಆಟದ ರಾತ್ರಿ ಜನರನ್ನು ಕುರ್ಚಿಯಲ್ಲಿ ಕೂರಿಸಿದ್ದು ಸಮಬಲ. ಒಂದು ವರ್ಷದ ನಂತರ ಮತ್ತೆ ಮೈದಾನಕ್ಕೆ ಕರೆತಂದದ್ದು ದೊಡ್ಡ ತಂಡದ ಹೆಸರು. ನಿಮ್ಮ ಕಮಿಟಿಯ ಹುಡುಗರು ನಲವತ್ತು ನಿಮಿಷದ ಲೆಕ್ಕ ಹೇಳುತ್ತಿದ್ದಾರೆ. ನೀವು ನಾಲ್ಕು ವರ್ಷದ ಲೆಕ್ಕ ಹೇಳುತ್ತಿದ್ದೀರಿ. ಎರಡೂ ಸರಿಯೇ. ತಪ್ಪಾಗುವುದು ಒಂದರ ಔಷಧವನ್ನು ಇನ್ನೊಂದಕ್ಕೆ ಕೊಟ್ಟಾಗ.

ಪುಸ್ತಕದ ಮಾತು ಸ್ವಲ್ಪ ಹೇಳಿ ಮುಗಿಸುತ್ತೇನೆ. 1956ರಲ್ಲಿ ಸೈಮನ್ ರಾಟನ್‌ಬರ್ಗ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಬೇಸ್‌ಬಾಲ್ ಬಗ್ಗೆ ಒಂದು ಲೇಖನ ಬರೆದರು. ಯಾರು ಗೆಲ್ಲುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಮಾತ್ರ ಜನ ಟಿಕೆಟ್ ಕೊಳ್ಳುತ್ತಾರೆ ಎಂಬುದು ಅದರ ಒಂದು ಸಾರ. 1964ರಲ್ಲಿ ವಾಲ್ಟರ್ ನೀಲ್ ಅದನ್ನೇ ಬಾಕ್ಸಿಂಗ್ ಉದಾಹರಣೆಯಿಂದ ಹೇಳಿದರು. ಜೋ ಲೂಯಿಸ್ ಎಂಥ ಚಾಂಪಿಯನ್ ಆದರೂ ಎದುರಿಗೆ ಮ್ಯಾಕ್ಸ್ ಶ್ಮೆಲಿಂಗ್‌ನಂಥವನು ಇಲ್ಲದಿದ್ದರೆ ಅವನ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಅಂಗಡಿಯವನಿಗೆ ಪಕ್ಕದ ಅಂಗಡಿ ಮುಚ್ಚಿದರೆ ಲಾಭ. ಪೈಲ್ವಾನನಿಗೆ ಎದುರಾಳಿಯ ಗರಡಿ ಮುಚ್ಚಿದರೆ ನಷ್ಟ.

ತಮಾಷೆ ಏನೆಂದರೆ, ಲೂಯಿಸ್–ಶ್ಮೆಲಿಂಗ್ 1938ರ ಪಂದ್ಯ ಸಮಬಲದ್ದೇ ಅಲ್ಲ. ಅಮೆರಿಕದ ಲೂಯಿಸ್ ಜರ್ಮನಿಯ ಶ್ಮೆಲಿಂಗ್‌ನನ್ನು ಎರಡು ನಿಮಿಷ ನಾಲ್ಕು ಸೆಕೆಂಡಿಗೆ ಮುಗಿಸಿಬಿಟ್ಟ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ತಡವಾಗಿ ಬಂದವರಿಗೆ ಏನೂ ಸಿಕ್ಕಿರಲಿಕ್ಕಿಲ್ಲ. ಆದರೂ ಬಾಕ್ಸಿಂಗ್ ಚರಿತ್ರೆಯಲ್ಲಿ ಅದರಷ್ಟು ಮಾತಿಗೆ ಬರುವ ಪಂದ್ಯಗಳು ಕಡಿಮೆ. ಯಾಕೆಂದರೆ ಎರಡು ವರ್ಷ ಮೊದಲು, 1936ರಲ್ಲಿ, ಇದೇ ಶ್ಮೆಲಿಂಗ್ ಲೂಯಿಸ್‌ನನ್ನು ಹನ್ನೆರಡನೇ ಸುತ್ತಿನಲ್ಲಿ ಕೆಡವಿದ್ದ. ಜೊತೆಗೆ ಜರ್ಮನಿ–ಅಮೆರಿಕ ನಡುವಿನ ಆಗಿನ ಕಾವು ಬೇರೆ. ಜನ ನೋಡಲು ಬಂದದ್ದು ಆ ಎರಡು ನಿಮಿಷಕ್ಕಲ್ಲ, ಅದರ ಹಿಂದಿನ ಎರಡು ವರ್ಷಕ್ಕೆ.

ನಮ್ಮ ಮೈಸೂರಿನವರು ಇದನ್ನು ಯಾವ ಲೇಖನವೂ ಓದದೆ ಕಂಡುಕೊಂಡಿದ್ದಾರೆ. ದಸರಾ ಕುಸ್ತಿ ಶುರುವಾಗುವ ಕೆಲವು ದಿನ ಮೊದಲು "ಜೋಡಿ ಕಟ್ಟುವುದು" ಅಂತ ನಡೆಯುತ್ತದೆ. ಗರಡಿ ಮನೆಗಳಿಂದ ಪೈಲ್ವಾನರು ಬಂದು ಸೇರುತ್ತಾರೆ. ಹಿರಿಯರು ಮತ್ತು ಉಸ್ತಾದರು ಕೂತು ತೂಕ, ಎತ್ತರ, ವಯಸ್ಸು, ಆಡಿದ ಅನುಭವ ಎಲ್ಲ ನೋಡಿ ಇವನಿಗೆ ಇವನು ಅಂತ ಜೋಡಿ ಮಾಡುತ್ತಾರೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕಣ್ಣಳತೆ ಹಾಕುವುದನ್ನು ನೋಡಬೇಕು. ಮದುವೆಗೆ ಹುಡುಗ, ಹುಡುಗಿ ನೋಡಿದ ಹಾಗೆ ಇರುತ್ತದೆ. ಜೋಡಿ ಸರಿ ಇಲ್ಲದಿದ್ದರೆ ಮಟ್ಟಿಯ ಮೇಲೆ ಅರ್ಧ ನಿಮಿಷಕ್ಕೆ ಚಿತ್, ಜನಕ್ಕೆ ನಿರಾಸೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಜೋಡಿ ಕಟ್ಟುವವರು ಎಲ್ಲ ಪೈಲ್ವಾನರನ್ನೂ ಸಮ ಮಾಡುವ ಗೋಜಿಗೆ ಹೋಗುವುದಿಲ್ಲ. ಹೆಸರಾದವನು ಹೆಸರಾದವನೇ. ಅವನಿಗೆ ಅವನ ಮಟ್ಟದವನನ್ನೇ ಹುಡುಕುತ್ತಾರೆ. ಹೊಸ ಹುಡುಗನಿಗೆ ಹೊಸ ಹುಡುಗ. ಸಮ ಆಗುವುದು ಆ ಒಂದು ಕುಸ್ತಿ ಮಾತ್ರ, ಇಡೀ ಅಖಾಡ ಅಲ್ಲ. ನಿಮ್ಮ ಹುಡುಗರ ಹರಾಜಿನ ಐಡಿಯಾ ಅಖಾಡವನ್ನೇ ಸಮ ಮಾಡಲು ಹೊರಟಿದೆ. ನನಗೆ ತಕರಾರು ಇರೋದು ಅಲ್ಲಿ.

ಒಳ್ಳೆಯ ಆಟಗಳ ನಿಯಮದಲ್ಲೇ ಸಮಬಲ ಹುಟ್ಟಿಸುವ ಕೀಲಿಗಳು ಇರುತ್ತವೆ. ನಮ್ಮ ಕಬಡ್ಡಿಯನ್ನೇ ತೆಗೆದುಕೊಳ್ಳಿ. ಆಲ್ ಔಟ್ ಆದರೆ ಎದುರಾಳಿಗೆ ಎರಡು ಅಂಕ ಹೋಗುತ್ತದೆ, ನಿಜ. ಆದರೆ ಔಟಾದ ಏಳೂ ಜನ ಮತ್ತೆ ಒಳಗೆ ಬರುತ್ತಾರೆ. ಪ್ರೊ ಕಬಡ್ಡಿಯಲ್ಲಿ ಸೂಪರ್ ಟ್ಯಾಕಲ್ ಇದೆ. ಅಂಕಣದಲ್ಲಿ ಮೂರೋ ಅದಕ್ಕಿಂತ ಕಡಿಮೆಯೋ ಜನ ಉಳಿದಾಗ ರೈಡರ್‌ನನ್ನು ಹಿಡಿದರೆ ಒಂದು ಅಂಕ ಜಾಸ್ತಿ. ಸೋಲುತ್ತಿರುವವನ ಕೈಗೆ ಕೊಟ್ಟ ಆಯುಧ ಅದು. ಟೆನಿಸ್‌ನಲ್ಲಿ 0–6ರಲ್ಲಿ ಸೋತ ಸೆಟ್ಟೂ ಒಂದೇ, 6–7ರಲ್ಲಿ ಸೋತ ಸೆಟ್ಟೂ ಒಂದೇ. ಮುಂದಿನ ಸೆಟ್ ಸೊನ್ನೆಯಿಂದ ಶುರು. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ ಒಟ್ಟು 218 ಪಾಯಿಂಟ್ ಗೆದ್ದರು, ಜೊಕೊವಿಚ್ 204. ಕಪ್ ಎತ್ತಿದವರು ಜೊಕೊವಿಚ್. ಹತ್ತಿರ ಹತ್ತಿರ ಐದು ಗಂಟೆ ಜನ ಎದ್ದು ಹೋಗದ ಹಾಗೆ ಹಿಡಿದಿಟ್ಟದ್ದು ಆ ಲೆಕ್ಕದ ಪದ್ಧತಿ. ಓಟದ ಥರ ಪಾಯಿಂಟ್ ಕೂಡಿಸುತ್ತಾ ಹೋಗಿದ್ದರೆ ಅಷ್ಟು ಕುತೂಹಲ ಇರುತ್ತಿರಲಿಲ್ಲ.

ಹಾಗಾದರೆ ಪೂರ್ತಿ ಸಮ ಇದ್ದರೆ ಇನ್ನೂ ಮಜಾ ಅಲ್ವಾ? ಅಲ್ಲ. 2018ರ ವಿಶ್ವ ಚೆಸ್ ಪಂದ್ಯ ನೆನಪಿಸಿಕೊಳ್ಳಿ. ಲಂಡನ್‌ನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಫ್ಯಾಬಿಯಾನೊ ಕರುವಾನ ಎದುರುಬದುರು. ಅದಕ್ಕಿಂತ ಸರಿಯಾದ ಜೋಡಿ ಆ ವರ್ಷ ಭೂಮಿ ಮೇಲೆ ಇರಲಿಲ್ಲ. ಹನ್ನೆರಡು ಆಟ ಆಡಿದರು. ಹನ್ನೆರಡೂ ಡ್ರಾ. ಚೆಸ್ ಬಲ್ಲವರಿಗೆ ಅದರಲ್ಲೂ ರುಚಿ ಇತ್ತು, ಒಪ್ಪುತ್ತೇನೆ. ಉಳಿದವರು ಆಕಳಿಸಿದರು. ಕೊನೆಗೆ ರ‍್ಯಾಪಿಡ್ ಆಟದಲ್ಲಿ ಕಾರ್ಲ್‌ಸನ್ 3–0ಯಿಂದ ಗೆದ್ದಾಗಲೇ ಎಲ್ಲರಿಗೂ ಉಸಿರು ಬಂದದ್ದು.

ಇನ್ನು ನಿಮ್ಮ ಹುಡುಗರ ಐಪಿಎಲ್. ಅಲ್ಲಿ ಸಮ ಮಾಡಲು ಮಾಡದ ಸಾಹಸ ಇಲ್ಲ. ಎಲ್ಲರಿಗೂ ಒಂದೇ ಖರ್ಚಿನ ಮಿತಿ. 2025ರ ಸೀಸನ್‌ಗೆ ನಡೆದ ಮೆಗಾ ಹರಾಜಿಗೆ ಅದು ತಂಡಕ್ಕೆ 120 ಕೋಟಿ ರೂಪಾಯಿ. ಕೆಲವು ವರ್ಷಕ್ಕೊಮ್ಮೆ ತಂಡಗಳನ್ನೇ ಒಡೆದು ಮತ್ತೆ ಹಂಚುತ್ತಾರೆ. ಇಷ್ಟೆಲ್ಲ ಮಾಡಿ ಆದದ್ದೇನು? 2008ರಿಂದ 2025ರವರೆಗಿನ 18 ಕಪ್‌ಗಳಲ್ಲಿ ಮುಂಬೈಗೆ ಐದು, ಚೆನ್ನೈಗೆ ಐದು. ಅರ್ಧಕ್ಕಿಂತ ಜಾಸ್ತಿ ಎರಡೇ ಮನೆಗೆ ಹೋಗಿದೆ. ಹರಾಜು ಆಟಗಾರರನ್ನು ಹಂಚುತ್ತದೆ. ತಂಡ ನಡೆಸುವ ಬುದ್ಧಿಯನ್ನು ಹಂಚೋಕೆ ಆಗಲ್ಲ.

ಮತ್ತೆ, ಆ ಎರಡು ತಂಡ ಹಾಗೆ ಗೆದ್ದದ್ದರಿಂದಲೇ ನಮ್ಮ ಆರ್‌ಸಿಬಿಯ ಕತೆಗೆ ಆ ರುಚಿ ಬಂದದ್ದು. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಹತ್ತು ತಂಡ ನಿಜವಾಗಿಯೂ ಸರಿಸಮ, ಯಾರು ಬೇಕಾದರೂ ಗೆಲ್ಲಬಹುದು ಅಂದುಕೊಳ್ಳಿ. ಆಗ ಒಂದು ತಂಡಕ್ಕೆ 17 ವರ್ಷ ಕಪ್ಪೇ ಸಿಗದಿರುವ ಸಾಧ್ಯತೆ ಸುಮಾರು ಶೇ 17. ಅಂದರೆ ಅದೇನೂ ದೊಡ್ಡ ವಿಶೇಷ ಅಲ್ಲ. ಚೀಟಿ ಎತ್ತಿದಾಗ ಹೆಸರು ಬರಲಿಲ್ಲ ಅಷ್ಟೇ. ಚೀಟಿಯಲ್ಲಿ ಹೆಸರು ಬರಲಿಲ್ಲ ಅಂತ ಯಾರಾದರೂ ಹದಿನೇಳು ವರ್ಷ "ಈ ಸಲ ಕಪ್ ನಮ್ದೇ" ಅಂತ ಕೂಗುತ್ತಾರಾ? 2009, 2011, 2016ರ ಫೈನಲ್‌ಗಳಲ್ಲಿ ಸೋತದ್ದು ನೋವಾಗಿ ಉಳಿದದ್ದು ಪಕ್ಕದ ಮನೆಯವರು ಕಪ್ ಮೇಲೆ ಕಪ್ ಜೋಡಿಸಿಡುತ್ತಿದ್ದರಿಂದ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರೇ ಆರು ರನ್‌ನಿಂದ ಗೆದ್ದಾಗ, ಕೊನೇ ಓವರ್ ಮುಗಿಯುವ ಮೊದಲೇ ಕೊಹ್ಲಿ ಅಳುತ್ತಿದ್ದರು. ಮನೆಯಲ್ಲಿ ಟಿವಿ ಮುಂದೆ ನನ್ನ ಹೆಂಡತಿಯೂ. ಅವಳಿಗೆ ಎಲ್‌ಬಿಡಬ್ಲ್ಯು ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಗೆಲುವಿನ ಮಾತು ಬಂದಾಗ ಅದನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಿಮ್ಮ ಕಡೆಯ ವಾದಕ್ಕೆ ಬರುತ್ತೇನೆ. ಇದಕ್ಕೆ ನನ್ನ ಹತ್ತಿರ ಒಂದೇ ಒಂದು ದೊಡ್ಡ ಸಾಕ್ಷಿ ಇದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಣಜಿ ಟ್ರೋಫಿ. 1958–59ರಿಂದ 1972–73ರವರೆಗೆ ಬಾಂಬೆ ತಂಡ ಸತತ 15 ಸಲ ಗೆದ್ದಿತು. ಹದಿನೈದು! ಮೊದಲ ಕಪ್ ಗೆದ್ದ ವರ್ಷ ಹುಟ್ಟಿದ ಮಗು ಹೈಸ್ಕೂಲು ಸೇರಿದರೂ ಚಾಂಪಿಯನ್ ಅದೇ. ಇದರಲ್ಲಿ ಪಾಪ ಅನ್ನಿಸುವುದು ರಾಜಸ್ಥಾನದ ಪಾಡು. 1960–61ರಿಂದ 1969–70ರ ನಡುವೆ ಅವರು ಏಳು ಸಲ ಫೈನಲ್‌ಗೆ ಬಂದರು. ಏಳೂ ಸಲ ಬಾಂಬೆ ಕೈಯಲ್ಲಿ ಸೋತರು. ಬಾಂಬೆಯ ಬಲ ದುಡ್ಡು ಕೊಟ್ಟು ತಂದದ್ದಲ್ಲ. ಅಲ್ಲಿನ ಮೈದಾನಗಳು, ಆಫೀಸು ತಂಡಗಳ ಟೂರ್ನಿಗಳು, ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಆಡುವ ಕಂಗಾ ಲೀಗ್, ಇವುಗಳಲ್ಲಿ ಕುದ್ದು ಬಂದ ಬಲ ಅದು.

1973ರ ನವೆಂಬರ್‌ನಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ, ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಸೆಮಿಫೈನಲ್. ಎದುರಿಗೆ ಅದೇ ಬಾಂಬೆ. ನಾಯಕ ವಾಡೇಕರ್, ಜೊತೆಗೆ ಗವಾಸ್ಕರ್. ನಮ್ಮ ನಾಯಕ ಎರಾಪಳ್ಳಿ ಪ್ರಸನ್ನ. ಮೊದಲು ಬ್ಯಾಟ್ ಮಾಡಿದ ಕರ್ನಾಟಕ 385. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಬಾಂಬೆ ಬಂತು. ಪ್ರಸನ್ನ ಗವಾಸ್ಕರ್‌ರನ್ನು ಬೌಲ್ಡ್ ಮಾಡಿದರು. ಆ ಚೆಂಡಿನ ಬಗ್ಗೆ ಬೆಂಗಳೂರಿನ ಹಳೆಯ ಕ್ಲಬ್ ಆಟಗಾರರು ಇವತ್ತಿಗೂ ಕೈ ತಿರುಗಿಸಿ ತೋರಿಸುತ್ತಾರೆ. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ರನ್ ಓಡುವಾಗ ಕಾಲು ಜಾರಿ ರನೌಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. 78 ರನ್ ಮುನ್ನಡೆ. ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸ್ ಲೆಕ್ಕದಲ್ಲಿ ಕರ್ನಾಟಕ ಫೈನಲ್‌ಗೆ.

ನಾನಾಗ ಹೈಸ್ಕೂಲು ಹುಡುಗ. ನಮ್ಮೂರಿಗೆ ಪೇಪರ್ ಬರುತ್ತಿದ್ದದ್ದು ಮಧ್ಯಾಹ್ನದ ಬಸ್ಸಿಗೆ. ಅವತ್ತು ಹೋಟೆಲ್ ಮುಂದೆ ಒಂದೇ ಪೇಪರನ್ನು ಒಬ್ಬರು ಜೋರಾಗಿ ಓದಿದರು, ಉಳಿದವರು ಕೇಳಿಸಿಕೊಂಡರು. ಓದಿದವರು ಮುಗಿಸಿದ ಮೇಲೆ ಒಬ್ಬರು, "ಇನ್ನೊಂದ್ಸಲ ಓದ್ರಿ" ಅಂದರು. ಬಾಂಬೆ ಬದಲು ಬೇರೆ ಯಾವುದೋ ತಂಡದ ಮೇಲೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದಿದ್ದರೆ ಎರಡನೇ ಸಲ ಓದಿಸುತ್ತಿದ್ದರಾ? ಸೆಮಿಫೈನಲ್ ಡ್ರಾ ಅಂದರೆ ನೋಡೋಕೆ ಅಂಥ ರೋಚಕ ವಸ್ತುವೇ ಅಲ್ಲ. ಬಾಂಬೆಯ ಹದಿನೈದು ವರ್ಷವೇ ಅದಕ್ಕೆ ತೂಕ ಕೊಟ್ಟದ್ದು. ದೊಡ್ಡವನು ಗೆದ್ದ ಪ್ರತಿ ವರ್ಷವೂ ಬ್ಯಾಂಕಿನಲ್ಲಿ ಇಟ್ಟ ಠೇವಣಿ ಇದ್ದ ಹಾಗೆ. ಬಿದ್ದ ದಿನ ಬಡ್ಡಿ ಸಮೇತ ನೋಡುಗನ ಕೈಗೆ ಬರುತ್ತದೆ.

ಫೈನಲ್ ಜೈಪುರದಲ್ಲಿ ನಡೆಯಿತು. ಎದುರಾಳಿ ಯಾರು ಗೊತ್ತಾ? ರಾಜಸ್ಥಾನ. ಕೊನೆಗೂ ಬಾಂಬೆ ಇಲ್ಲದ ಫೈನಲ್ ಸಿಕ್ಕಿತು ಅಂದುಕೊಂಡವರಿಗೆ ಕರ್ನಾಟಕ ಎಂಟನೇ ಸೋಲು ಕೊಟ್ಟಿತು. ಅವರು ಮೊದಲ ಸಲ ರಣಜಿ ಗೆದ್ದದ್ದು 2010–11ರಲ್ಲಿ. ಇನ್ನೊಂದು ಮಾತು ನಮ್ಮವರು ಹೇಳುವಾಗ ನುಂಗಿಕೊಳ್ಳುತ್ತಾರೆ: ಮರುವರ್ಷದ ಫೈನಲ್‌ನಲ್ಲಿ ಬಾಂಬೆ ನಮ್ಮನ್ನೇ ಸೋಲಿಸಿ ಕಪ್ ವಾಪಸ್ ತೆಗೆದುಕೊಂಡು ಹೋಯಿತು.

ಎಲ್ಲ ಮೆರೆದಾಟವೂ ಹೀಗೆ ಬಡ್ಡಿ ಕೊಡುವುದಿಲ್ಲ. ಕೆಲವು ಸುಮ್ನೆ ಬೇಸರ. ವ್ಯತ್ಯಾಸ ಎಲ್ಲಿದೆ?

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹಾಕಿಯಲ್ಲಿ ಭಾರತ ಅಮೆರಿಕವನ್ನು 24–1ರಿಂದ ಸೋಲಿಸಿತು. ಹೆಮ್ಮೆ ಸರಿ. ಆದರೆ ಹಾಕಿಗೆ ಬಂದಿದ್ದದ್ದೇ ಮೂರು ತಂಡ. ಎರಡೂ ಪಂದ್ಯ ಸೋತ ಅಮೆರಿಕಕ್ಕೆ ಕಂಚು ಸಿಕ್ಕಿತು! ಹದಿನೈದನೇ ಗೋಲಿನ ಹೊತ್ತಿಗೆ ನೋಡುತ್ತಿದ್ದವರು ಏನು ಮಾಡುತ್ತಿದ್ದರೋ. 2023ರ ಫಾರ್ಮುಲಾ ಒನ್‌ನಲ್ಲಿ 22 ರೇಸ್‌ಗಳಲ್ಲಿ 21 ರೆಡ್ ಬುಲ್ ಪಾಲು, ಅದರಲ್ಲಿ 19 ವರ್ಸ್ಟಾಪನ್ ಒಬ್ಬರದೇ. ವರ್ಸ್ಟಾಪನ್ ಚಾಲನೆ ಎಂಥದ್ದು ಅಂತ ಬಲ್ಲವರಿಗೆ ಗೊತ್ತು. ಸಾಮಾನ್ಯ ನೋಡುಗನ ಕಣ್ಣಿಗೆ ಬಿದ್ದದ್ದು ಮುಂದೆ ಒಂಟಿಯಾಗಿ ಓಡುವ ಒಂದು ಕಾರು. ಗೆಲ್ಲುತ್ತಿರುವುದು ಮನುಷ್ಯನೋ ಯಂತ್ರವೋ ಅಂತ ಅನುಮಾನ ಬಂದರೆ ಆಟದ ಸ್ವಾರಸ್ಯ ಹೋಗುತ್ತದೆ.

ಇದರ ಎದುರು ನಡಾಲ್ ಫ್ರೆಂಚ್ ಓಪನ್ 14 ಸಲ ಗೆದ್ದದ್ದು ನೋಡಿ. ಅಥವಾ ಬೋಲ್ಟ್ ಓಟ. ಗೆಲ್ಲುತ್ತಾರೆ ಅಂತ ಗೊತ್ತಿದ್ದರೂ ಜನ ನೋಡಿದರು. ಹೇಗೆ ಗೆಲ್ಲುತ್ತಾರೆ ಅನ್ನುವುದೇ ಆಟ. ಗೊತ್ತಿರುವ ಯಕ್ಷಗಾನ ಪ್ರಸಂಗಕ್ಕೆ ಜನ ರಾತ್ರಿ ಎಲ್ಲ ಕೂರುವುದಿಲ್ಲವಾ? ಕೊನೆಯಲ್ಲಿ ಯಾರು ಸಾಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ವೇಷ ಯಾರದ್ದು, ಕುಣಿತ ಹೇಗೆ, ಮಾತು ಹೇಗೆ, ಅದಕ್ಕೆ ಕೂರುತ್ತಾರೆ.

ಆದ್ದರಿಂದ ನಿಮ್ಮ ಚಾಂಪಿಯನ್ ತಂಡದ ಬಗ್ಗೆ ನನ್ನ ಮೊದಲ ಪ್ರಶ್ನೆ: ಅವರು ಹೇಗೆ ಗೆಲ್ಲುತ್ತಿದ್ದಾರೆ? ಅದೇ ಊರಿನ ಹುಡುಗರು, ಸಂಜೆ ಸಂಜೆ ಒಟ್ಟಿಗೆ ಆಡಿ ಬೆಳೆದವರಾ? ಹಾಗಿದ್ದರೆ ಅದು ಬಾಂಬೆ ಥರ. ಅವರನ್ನು ಕರೆಯದೇ ಬಿಟ್ಟರೆ ನಿಮ್ಮ ಪಂದ್ಯಾವಳಿಗೇ ನಷ್ಟ. ಅಲ್ಲದೆ ಉಳಿದ ತಂಡ ಯಾವುದು ಗೆದ್ದರೂ, "ಅವರು ಬಂದಿದ್ದರೆ ಗೊತ್ತಾಗ್ತಿತ್ತು" ಅಂತ ಜನ ಹೇಳಿಯೇ ಹೇಳುತ್ತಾರೆ. ಅದರ ಬದಲು ಇಲಾಖೆ, ಬ್ಯಾಂಕ್ ತಂಡಗಳ ಆಟಗಾರರನ್ನು ಒಂದು ರಾತ್ರಿಗೆ ದುಡ್ಡು ಕೊಟ್ಟು ಕರೆತರುತ್ತಿದ್ದಾರಾ? ಹಾಗಿದ್ದರೆ ಹೊರಗಿನ ಆಟಗಾರರು ಇಬ್ಬರೇ ಅಂತ ನಿಯಮ ಮಾಡಿ, ಆಧಾರ್ ಕಾರ್ಡ್ ನೋಡಿ. ಗಲಾಟೆ ಆಗುತ್ತದೆ. ಒಂದು ವರ್ಷ ತಡೆದುಕೊಳ್ಳಿ.

ಎರಡನೇ ಪ್ರಶ್ನೆ: ಎದುರಾಳಿಗಳು ಇನ್ನೂ ಆಡುತ್ತಿದ್ದಾರಾ, ಇಲ್ಲ ಶರಣಾಗಿದ್ದಾರಾ? ಗಾಲ್ಫ್‌ನ ಟೈಗರ್ ವುಡ್ಸ್ ಬಗ್ಗೆ ಜೆನಿಫರ್ ಬ್ರೌನ್ ಎಂಬ ಅರ್ಥಶಾಸ್ತ್ರಜ್ಞೆ ಒಂದು ಅಧ್ಯಯನ ಮಾಡಿದರು. ವುಡ್ಸ್ ತಮ್ಮ ಉತ್ತುಂಗದಲ್ಲಿದ್ದಾಗ, ಅವರು ಆಡುವ ಟೂರ್ನಿಗಳಲ್ಲಿ ಉಳಿದ ಒಳ್ಳೆ ಆಟಗಾರರ ಆಟ ಮಾಮೂಲಿಗಿಂತ ಕೆಡುತ್ತಿತ್ತು ಅಂತ ಕಂಡುಕೊಂಡರು. ನಾನು ಇದನ್ನು ಅಂಕಣದಲ್ಲೇ ನೋಡಿದ್ದೇನೆ. ದೊಡ್ಡ ತಂಡದ ಎದುರು ಟೈಸ್ (ಯಾರಿಗೆ ಯಾರು ಎದುರು ಅಂತ ಮಾಡುವ ಪಟ್ಟಿ) ಬಿದ್ದ ತಕ್ಷಣ ಕೆಲವರು ಮುಖ್ಯ ರೈಡರ್‌ಗೆ ಕಾಲು ನೋವು ಅಂತ ಹೇಳಿ ಕೂರಿಸಿಬಿಡುತ್ತಾರೆ. ಮುಂದಿನ ವಾರದ ಇನ್ನೊಂದು ಊರಿನ ಪಂದ್ಯಕ್ಕೆ ಅವನನ್ನು ಉಳಿಸಿಕೊಳ್ಳುವುದು ಅವರ ಲೆಕ್ಕ. 31–8 ಆಗುವುದು ಹೀಗೆ. ದೊಡ್ಡ ತಂಡ ಇರುವುದು ರೋಗ ಅಲ್ಲ. ಎದುರಿನವರು ಆಸೆ ಬಿಡುವುದು ರೋಗ.

ಆಸೆ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಕಬಡ್ಡಿಯಲ್ಲೇ ಉದಾಹರಣೆ ಇದೆ. 1990ರಿಂದ 2014ರವರೆಗೆ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿಯಲ್ಲಿ ಪ್ರತಿ ಸಲ ಚಿನ್ನ ಭಾರತಕ್ಕೆ. ನಿಜ ಹೇಳಿ, ಆ ಫೈನಲ್‌ಗಳಲ್ಲಿ ಎಷ್ಟು ನಿಮಗೆ ನೆನಪಿವೆ? ಮರುದಿನ ಪೇಪರಿನ ಮೂಲೆಯಲ್ಲಿ ಸುದ್ದಿ ಓದಿ ಸುಮ್ಮನಾಗುತ್ತಿದ್ದೆವು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಇರಾನಿನವರು ಇಲ್ಲಿಗೆ ಬಂದು, ನಮ್ಮವರ ಜೊತೆಗೇ ಆಡಿ, ನಮ್ಮ ರೈಡರ್‌ಗಳ ಕಾಲಿನ ಚಲನೆ ಎಲ್ಲ ಕಲಿತರು. ಫಜಲ್ ಅತ್ರಾಚಲಿಯ ಹಿಡಿತ ನಮ್ಮ ಹಳ್ಳಿ ಹುಡುಗರಿಗೂ ಬಾಯಿಪಾಠ ಆಯಿತು. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಸೋಲಿಸಿತು. ನಮಗೆ ಕಂಚು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೆ 2023ರಲ್ಲಿ ಹಾಂಗ್‌ಝೌನಲ್ಲಿ ಅದೇ ಇರಾನ್ ಜೊತೆ ಫೈನಲ್ ಬಂದಾಗ, ಕೊನೇ ನಿಮಿಷಗಳಲ್ಲಿ ಅಂಕದ ವಿವಾದವಾಗಿ ಆಟ ಬಹಳ ಹೊತ್ತು ನಿಂತಾಗ, ಟಿವಿ ಮುಂದಿಂದ ಯಾರೂ ಏಳಲಿಲ್ಲ. 33–29. ಅದರ ಹಿಂದಿನ ಏಳೂ ಚಿನ್ನಕ್ಕಿಂತ ನನಗೆ ಇದೇ ದೊಡ್ಡದು.

ಇನ್ನೊಂದು ವಿಷಯವನ್ನು ನಿಮ್ಮ ಕಮಿಟಿಯ ಎರಡೂ ಕಡೆಯವರು ಬಿಟ್ಟಿದ್ದೀರಿ. ನೋಡುವವನು ಯಾರು? ಊರಿನವನಾ, ಬೇರೆಯವನಾ? 2014ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಬೇಸ್‌ಬಾಲ್ ಪಂದ್ಯಗಳಿಗೆ ಬಂದ ಜನರ ಲೆಕ್ಕ ಹಿಡಿದು ನೋಡಿದರು. ತಮ್ಮ ಊರಿನ ತಂಡ ಗೆಲ್ಲುವುದು ಹೆಚ್ಚುಕಡಿಮೆ ಖಚಿತ ಇದ್ದಾಗ ಜನ ಜಾಸ್ತಿ ಬರುತ್ತಿದ್ದರು. ಊರಿನ ತಂಡ ದೊಡ್ಡ ತಂಡದ ಎದುರು ನಿಂತಾಗಲೂ ಬರುತ್ತಿದ್ದರು, ಕೆಡವಿದರೆ ನೋಡೋಣ ಅಂತ. ಸರಿಸಮ ಪಂದ್ಯಕ್ಕೇ ಕಡಿಮೆ. ಯಾಕೆಂದರೆ ನಮ್ಮವರು ಸೋಲುವುದನ್ನು ನೋಡುವ ನೋವು, ಗೆಲ್ಲುವುದನ್ನು ನೋಡುವ ಖುಷಿಗಿಂತ ದೊಡ್ಡದು. ನಾನು ರಾಟನ್‌ಬರ್ಗ್ ಮಾತನ್ನು ಪೂರ್ತಿ ನಂಬುವುದನ್ನು ಬಿಟ್ಟದ್ದು ಇದನ್ನು ಓದಿದ ಮೇಲೆ. ನಿಮ್ಮೂರ ತಂಡ ನಾಲ್ಕು ವರ್ಷ ಗೆದ್ದಿದ್ದರೆ ಈ ಪತ್ರ ಬರುತ್ತಿತ್ತಾ, ಹೇಳಿ?

ಜರ್ಮನಿಯ ಫುಟ್‌ಬಾಲ್ ಲೀಗ್‌ನ ಒಂದು ಮಾತು ಹೇಳಿ ನಿಮ್ಮ ಮೈದಾನಕ್ಕೆ ವಾಪಸ್ ಬರುತ್ತೇನೆ. 2013ರಿಂದ 2023ರವರೆಗೆ ಸತತ 11 ಸಲ ಬೇಯರ್ನ್ ಮ್ಯೂನಿಕ್ ಚಾಂಪಿಯನ್. ಆದರೂ ಕೊರೊನಾ ವರ್ಷಗಳನ್ನು ಬಿಟ್ಟರೆ ಪಂದ್ಯಕ್ಕೆ ಸರಾಸರಿ 40 ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಜಗತ್ತಿನ ಬೇರೆ ಯಾವ ಫುಟ್‌ಬಾಲ್ ಲೀಗ್‌ಗೂ ಅಷ್ಟು ಜನ ಇರಲಿಲ್ಲ. ಮೊದಲನೇ ಸ್ಥಾನ ಗೊತ್ತಿದ್ದರೂ ಉಳಿದ ಸ್ಥಾನಗಳಿಗೆ ಜಗಳ ಇತ್ತು. ಯುರೋಪಿನ ಟೂರ್ನಿಗಳಿಗೆ ಹೋಗುವವರು ಯಾರು, ಕೆಳಗಿನ ದರ್ಜೆಗೆ ಬೀಳುವವರು ಯಾರು, ಅದಕ್ಕೆ ಊರೂರಿನ ಜನ ಬಂದರು. 2024ರಲ್ಲಿ ಲೆವರ್‌ಕುಸೆನ್ 34 ಪಂದ್ಯದಲ್ಲಿ ಒಂದೂ ಸೋಲದೆ, 1904ರಲ್ಲಿ ಹುಟ್ಟಿದ ಕ್ಲಬ್ಬಿಗೆ ಮೊದಲ ಲೀಗ್ ಕಪ್ ತಂದುಕೊಟ್ಟಿತು. ಹನ್ನೊಂದು ವರ್ಷದ ಠೇವಣಿ ಅದು.

ನಿಮ್ಮ ಪಂದ್ಯಾವಳಿಯ ಸಮಸ್ಯೆ ಚಾಂಪಿಯನ್ ತಂಡಕ್ಕಿಂತ ನಿಮ್ಮ ಟೈಸ್‌ನಲ್ಲಿ ಇದೆ ಅಂತ ನನ್ನ ಅನುಮಾನ. ಹೆಚ್ಚಿನ ಊರುಗಳಲ್ಲಿ ಚೀಟಿ ಎತ್ತಿ ನಾಕೌಟ್ ಹಾಕುತ್ತಾರೆ. ಸಂಜೆ ಏಳಕ್ಕೆ ಒಂದು ಹಳ್ಳಿಯ ತಂಡಕ್ಕೆ ಚಾಂಪಿಯನ್ನೇ ಎದುರು ಬೀಳುತ್ತದೆ. ಏಳೂವರೆಗೆ 40–10. ಟ್ರ್ಯಾಕ್ಟರ್‌ನಲ್ಲಿ ಬಂದಿದ್ದ ಅವರ ಐವತ್ತು ಜನ ಎಂಟಕ್ಕೆ ವಾಪಸ್. ಹಾಗೆ ನಾಲ್ಕು ಹಳ್ಳಿ ಹೋದ ಮೇಲೆ ಫೈನಲ್‌ಗೆ ಕುರ್ಚಿ ಖಾಲಿ ಇರದೆ ಇನ್ನೇನು? ಲೀಗ್ ಕಮ್ ನಾಕೌಟ್ ಮಾಡಿ. ನಾಲ್ಕು ನಾಲ್ಕು ತಂಡದ ಗುಂಪು, ಪ್ರತಿ ತಂಡಕ್ಕೂ ಮೂರು ಪಂದ್ಯ ಗ್ಯಾರಂಟಿ. ಒಂದು ರಾತ್ರಿಗೆ ಆಗದಿದ್ದರೆ ಎರಡು ರಾತ್ರಿ. ಕಳೆದ ಸಲದ ಸೆಮಿಫೈನಲ್ ತಂಡಗಳನ್ನು ಬೇರೆ ಬೇರೆ ಗುಂಪಿಗೆ ಹಾಕಿ, ಉಳಿದವರಿಗೆ ಮಾತ್ರ ಚೀಟಿ ಎತ್ತಿ. ಪ್ರೊ ಕಬಡ್ಡಿಯಲ್ಲಿ ಹಲವು ಸೀಸನ್ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಒಂದು ಲೀಗ್ ಅಂಕ ಕೊಡುತ್ತಿದ್ದರು. ಅದನ್ನು ಎತ್ತಿಕೊಳ್ಳಿ. ಹನ್ನೆರಡು ಅಂಕ ಹಿಂದಿರುವ ತಂಡವೂ ಕೊನೇ ನಿಮಿಷದವರೆಗೆ ಹೋರಾಡುತ್ತದೆ. ಸೂಪರ್ ಟ್ಯಾಕಲ್ ನಿಮ್ಮಲ್ಲಿ ಇಲ್ಲದಿದ್ದರೆ ಸೇರಿಸಿ. ಜೊತೆಗೆ 55 ಕೆ.ಜಿ. ವಿಭಾಗ ಒಂದು ಇಟ್ಟರೆ ನಿಮ್ಮೂರ ಸಣ್ಣ ಹುಡುಗರಿಗೂ ಅಂಕಣ ಸಿಗುತ್ತದೆ. ಅದು ನಮ್ಮ ಜೋಡಿ ಕಟ್ಟುವ ಪದ್ಧತಿಯೇ, ತಕ್ಕಡಿ ಮಾತ್ರ ಹೊಸದು.

ಹರಾಜು ಬೇಡ ಅಂತ ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಹರಾಜಾದ ತಂಡಕ್ಕೆ ಊರಿನ ಹೆಸರು ಇರುವುದಿಲ್ಲ. "ಟೈಗರ್ಸ್", "ವಾರಿಯರ್ಸ್" ಅಂತ ಟೀ ಶರ್ಟ್ ಬರುತ್ತದೆ. ಟ್ರ್ಯಾಕ್ಟರ್ ತುಂಬ ಜನ ಬರುವುದು ಶರ್ಟಿಗಲ್ಲ, ಊರಿಗೆ. ಹುಡುಗರಿಗೆ ಅಷ್ಟು ಆಸೆ ಇದ್ದರೆ ಬೇಸಿಗೆಯಲ್ಲಿ ಬೇರೆಯಾಗಿ ಒಂದು ಹರಾಜಿನ ಲೀಗ್ ಮಾಡಿಕೊಳ್ಳಲಿ, ಜಾತ್ರೆಯದ್ದನ್ನು ಮುಟ್ಟದಿರಲಿ.

ಚಾಂಪಿಯನ್ ತಂಡವನ್ನು ಮೊದಲು ಕರೆಯಿರಿ. ಪೋಸ್ಟರ್‌ನಲ್ಲಿ ಅವರ ಫೋಟೋ ದೊಡ್ಡದಾಗಿ ಹಾಕಿ, "ನಾಲ್ಕು ಬಾರಿಯ ಚಾಂಪಿಯನ್" ಅಂತ ಬರೆಸಿ. ಕೆಳಗೆ ಇನ್ನೊಂದು ಸಾಲು ಸೇರಿಸಿ: ಇವರನ್ನು ಯಾವ ಸುತ್ತಿನಲ್ಲೇ ಆಗಲಿ ಮೊದಲು ಸೋಲಿಸಿದ ತಂಡಕ್ಕೆ ಪ್ರತ್ಯೇಕ ಬಹುಮಾನ, ಒಂದು ಟಗರು. ಆ ಟಗರನ್ನು ಎರಡೂ ರಾತ್ರಿ ಸ್ಕೋರ್ ಬೋರ್ಡ್ ಪಕ್ಕದಲ್ಲೇ, ಅಂಕಣದಲ್ಲಿ ನಿಂತವರಿಗೆಲ್ಲ ಕಾಣುವ ಹಾಗೆ ಕಟ್ಟಿ. ಯಾರೂ ಗೆಲ್ಲದಿದ್ದರೆ ಕಮಿಟಿಯವರು ಅದನ್ನು ಊಟಕ್ಕೆ ಹಾಕಿಕೊಳ್ಳಬೇಡಿ. ಒಂದು ವರ್ಷ ಚೆನ್ನಾಗಿ ಮೇಯಿಸಿ, ಮುಂದಿನ ಜಾತ್ರೆಗೆ ಅದನ್ನೇ ತಂದು ಕಟ್ಟಿ.